ಬ್ರೇಕ್ ಮಾಮನ ಕುಂಬಳದ ತೋಟ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಬ್ರೇಕ್ ಮಾಮನಿಗೆ ಅದು ಬಲಗಾಲಿನ ಹೆಬ್ಬೆರಳಲ್ಲಿತ್ತು. ಕಾರು ಕಲಿಸುವ ಶಾಲೆಯ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ, ಒತ್ತಿದಾಗೆಲ್ಲ ಒಂದೊಂದು ಬೈಗುಳವನ್ನೂ ಸೇರಿಸಿ, ಅವನು ಅರ್ಧ ಊರಿಗೆ ಕಾರು ಕಲಿಸಿದ್ದ. ಅವನ ಕೈಯಲ್ಲಿ ಕಲಿತವರು ಇವತ್ತಿಗೂ ಪಕ್ಕದಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೆ ಗಾಡಿ ನಿಲ್ಲಿಸಿಬಿಡುತ್ತಾರೆ. ಆದರೆ ಅವರಲ್ಲಿ ಅಪಘಾತ ಮಾಡಿದವರು ಒಬ್ಬರೂ ಇಲ್ಲ. ಈ ಮಾತನ್ನು ಮಾಮ ದಿನಕ್ಕೊಂದು ಸಲ ಹೇಳುತ್ತಿದ್ದ, ಅದನ್ನೂ ಸಿಟ್ಟಿನಿಂದಲೇ ಹೇಳುತ್ತಿದ್ದ.

ಈಗ ಬೈಸಿಕೊಂಡು ಕಲಿಯುವ ಜನ ಕಡಿಮೆಯಾಗಿದ್ದಾರೆ. ದುಡ್ಡನ್ನೂ ಕೊಟ್ಟು ಬೈಗುಳವನ್ನೂ ಯಾಕೆ ತಿನ್ನಬೇಕು ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ, ಆದರೆ ನ್ಯಾಯದ ಮಾತು ಕೇಳಿದರೆ ಮಾಮನಿಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು. ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಒಬ್ಬರು ಕಲಿಯಲು ಸೇರಿದರು. ಕಾರು ದೊಡ್ಡ ವೃತ್ತಕ್ಕೆ ಬಂದಾಗ ಅವರು ಹೊರಗೆ ಹೋಗುವ ದಾರಿ ತೋಚದೆ ಸುತ್ತುತ್ತಲೇ ಉಳಿದರು.

"ಏನ್ರೀ, ಗಾಣಕ್ಕೆ ಕಟ್ಟಿದ್ದಾರಾ ನಿಮ್ಮನ್ನ?" ಎಂದು ಮಾಮ ಅಬ್ಬರಿಸಿದ. "ಹಲ್ಲೊಳಗೆ ಸಾಸಿವೆಯಷ್ಟು ತೂತು ಕಾಣುತ್ತೆ, ಇಷ್ಟಗಲ ರಸ್ತೆ ಕಾಣಲ್ವಾ?"

ಡಾಕ್ಟರಮ್ಮ ಅಲ್ಲೇ ಕಾರು ನಿಲ್ಲಿಸಿ, ಇಳಿದು, ನಡೆದುಕೊಂಡೇ ಶಾಲೆಯ ಆಫೀಸಿಗೆ ಹೋಗಿ ದೂರು ಕೊಟ್ಟರು.

ಶಾಲೆಯ ಮಾಲೀಕಳು ಹಳೇ ಮಾಲೀಕರ ಮಗಳು. ಅವಳಿಗೂ ಕಾರು ಕಲಿಸಿದವನು ಮಾಮನೇ, ಅವಳನ್ನೂ ಅಳಿಸಿದವನು ಮಾಮನೇ. ಅವಳು ಬಾಗಿಲು ಹಾಕಿಕೊಂಡು ಹೇಳಿದಳು: "ಮಾಮ, ಎಷ್ಟು ದೂರು ಅಂತ ಕೇಳಲಿ ನಾನು? ಡಾಕ್ಟರಮ್ಮನ್ನ ಕೈಕಾಲು ಹಿಡಿದು ಒಪ್ಪಿಸಿದ್ದೀನಿ. ಇನ್ನೊಂದು ಸಲ ಹೀಗಾದ್ರೆ ನೀವು ಗಾಡಿ ಹತ್ತೋದು ಬೇಡ. ಒಳಗೆ ಕೂತು ಫೋನ್ ಎತ್ತಿ."

ಪಕ್ಕದ ಸೀಟು ಹೋದರೆ ಮಾಮನ ಹತ್ತಿರ ಉಳಿಯುವುದಾದರೂ ಏನು? ಮನೆಯಲ್ಲಿ ಅವನ ಮಾತಿಗೆ ಹೆಂಡತಿ ಹೂಂ ಅನ್ನುವುದು ನಿದ್ದೆಯಲ್ಲಿ ಮಾತ್ರ. ಬೀದಿಯಲ್ಲಿ ನಾಯಿಯೂ ಅವನಿಗೆ ದಾರಿ ಬಿಡುವುದಿಲ್ಲ. ಇಡೀ ಜಗತ್ತಿನಲ್ಲಿ ಅವನು ಒತ್ತಿದರೆ ಏನಾದರೂ ನಿಲ್ಲುತ್ತಿದ್ದದ್ದು ಆ ಸೀಟಿನಲ್ಲಿ ಕೂತಾಗಷ್ಟೇ.

"ಸಿಟ್ಟನ್ನ ಬೇರೆ ಎಲ್ಲಾದರೂ ಇಳಿಸಿ ಬನ್ನಿ" ಎಂದಳು ಮಾಲೀಕಳು. "ಮೊಬೈಲಲ್ಲಿ ಆನ್‌ಲೈನ್ ಆಟ ಆಡಿ. ನಾನೂ ಆಡ್ತೀನಿ, ತಲೆ ತಣ್ಣಗಾಗುತ್ತೆ. ಒಬ್ಬೊಬ್ಬರ ಶೈಲಿಗೆ ಒಂದೊಂದು ಆಟ ಇರುತ್ತೆ, ನಿಮಗೆ ಹೊಂದೋದನ್ನ ಆರಿಸ್ಕೊಳ್ಳಿ."

"ನನ್ನ ಶೈಲಿ ಊರಿಗೇ ಗೊತ್ತು" ಎಂದು ಮಾಮ ಮೀಸೆ ತೀಡಿದ. "ಯುದ್ಧ."

ಅವತ್ತು ಸಂಜೆಯೇ ಅವನು ಸೈನಿಕನಾದ. ಎಲ್ಲೆಲ್ಲಿಯವರೋ ನಾಲ್ಕು ಜನ ಸೇರಿ ಒಂದು ತಂಡ, ಎದುರಿಗೆ ಶತ್ರುಗಳ ತಂಡ. ಆಟ ಶುರುವಾದದ್ದೇ ಇವನ ಕಡೆಯವರು ದಿಕ್ಕಾಪಾಲಾಗಿ ಓಡಿದರು. ಮಾಮನಿಗೆ ತಡೆಯಲಾಗಲಿಲ್ಲ. "ಯಾರದು, ಎಡಕ್ಕೆ ತಿರುಗೋ ಮುಂಚೆ ಹಿಂದೆ ನೋಡಿದ್ಯಾ? ಬಂದು ಸಾಲಾಗಿ ನಿಂತ್ಕೊಳ್ಳಿ ಎಲ್ಲ" ಎಂದು ಮೈದಾನದ ನಡುವೆ ನಿಂತು ಪಾಠ ಶುರುಮಾಡಿದ. ಪಾಠ ಮುಗಿಯುವ ಮೊದಲೇ ಶತ್ರು ಅವನನ್ನು ಉರುಳಿಸಿದ. ಮರುಜನ್ಮ ಸಿಕ್ಕಿದ ಕೂಡಲೇ ಮಾಮ ಬಂದೂಕು ಎತ್ತಲಿಲ್ಲ. ಹೊಡೆದವನನ್ನು ಹುಡುಕಿಕೊಂಡು ಬುದ್ಧಿ ಹೇಳಲು ಹೋದ. ಅವನು ಮತ್ತೆ ಹೊಡೆದ. ಮೂರನೆಯ ಜನ್ಮಕ್ಕೆ ಮಾಮನ ತಂಡದವರೇ ಸೇರಿ ಅವನನ್ನು ಹೊರಗೆ ಹಾಕಿದರು. ಶತ್ರು ಕೊಂದದ್ದಕ್ಕಿಂತ ನಮ್ಮವರೇ ದಬ್ಬಿದ್ದು ಹೆಚ್ಚು ಉರಿಯುತ್ತದೆ, ಇದು ಸೈನ್ಯಕ್ಕೂ ಸಂಸಾರಕ್ಕೂ ಒಂದೇ.

ಮಾರನೆಯ ದಿನ ಕಾರಿನ ಪಂದ್ಯದ ಆಟ. ಇದಂತೂ ನೀರು ಕುಡಿದಷ್ಟು ಸುಲಭ ಎಂದುಕೊಂಡ. ಉಳಿದವರೆಲ್ಲ ಧೂಳೆಬ್ಬಿಸಿಕೊಂಡು ಹೋದರು. ಮಾಮ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ ಹೊರಟ. ಕೆಂಪು ದೀಪ ಕಂಡಲ್ಲೆಲ್ಲ ನಿಂತ. ಅವನು ಗೆರೆ ಮುಟ್ಟುವ ಹೊತ್ತಿಗೆ ಆಟದ ಪ್ರೇಕ್ಷಕರೂ ಎದ್ದು ಹೋಗಿದ್ದರು. ಎಡಗಡೆಯಿಂದ ನುಗ್ಗಿದವನೊಬ್ಬನನ್ನು ಕಂಡು ಅವನ ಬಲಗಾಲು ಅಭ್ಯಾಸಬಲದಿಂದ ಬ್ರೇಕ್ ಒತ್ತಿತ್ತು, ಅಲ್ಲಿ ಬ್ರೇಕಿನ ಬದಲು ಸೋಫಾದ ಕೆಳಗೆ ಇಟ್ಟಿದ್ದ ಹೆಂಡತಿಯ ತಗಡಿನ ಡಬ್ಬಿ ಇತ್ತು.

"ತಲೆ ತಣ್ಣಗಾಗಬೇಕಾಗಿರೋದು ನಿಮ್ಮದೋ, ನನ್ನದೋ?" ಎಂದು ಹೆಂಡತಿ ನಜ್ಜುಗುಜ್ಜಾದ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು.

ಕೊನೆಗೆ ಮಾಲೀಕಳೇ ಅವನ ಫೋನು ಇಸಿದುಕೊಂಡು, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಹೊಂದುವ ಆಟ ಯಾವುದೆಂದು ಹೇಳುವ ಪುಟವೊಂದನ್ನು ತೆರೆದಳು.

"ಎದುರಿಗೆ ಒಂದು ಬಾಗಿಲು, ಮುಚ್ಚಿದೆ. ಒಡೀತೀರಾ, ಕಿಟಕಿ ಹತ್ತುತೀರಾ, ಕಾಯ್ತೀರಾ?"

"ಯಾರ ಮನೆ ಬಾಗಿಲದು? ಒಡೆಯೋಕೆ ನಾನೇನು ದರೋಡೆಕೋರನಾ? ತೆಗೆಯೋವರೆಗೂ ಕಾಯ್ತೀನಿ."

"ಜೊತೆಗಾರ ಹಿಂದೆ ಬಿದ್ದ. ಬಿಟ್ಟು ಹೋಗ್ತೀರಾ?"

"ಬಿಟ್ಟು ಹೋಗೋದಾ? ಮುಖಕ್ಕೆ ಮಂಗಳಾರತಿ ಮಾಡಿ, ಅವನು ಬರೋವರೆಗೂ ನಿಲ್ತೀನಿ."

"ಮಂಗಳಾರತಿ ಇದರಲ್ಲಿಲ್ಲ. ನಿಲ್ತೀರಿ ಅಂತ ಹಾಕ್ತೀನಿ. ವೇಗ ಇಷ್ಟನಾ?"

"ಆ ಪದಾನ ನನ್ನ ಮುಂದೆ ಎತ್ತಬೇಡಿ."

ಫೋನು ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟಿತು. ನೀವು ತಾಳ್ಮೆಯ ಆಟಗಾರ. ಪೋಷಿಸುವುದು ನಿಮ್ಮ ಸ್ವಭಾವ. ನಿಮಗೆ ಹೊಂದುವ ಆಟ, ತರಕಾರಿ ತೋಟ.

ಮಾಮನ ಕಿವಿ ಕೆಂಪಗಾಯಿತು. ಹೇಡಿ ಎಂದಿದ್ದರೂ ಸಹಿಸುತ್ತಿದ್ದನೇನೋ, ತಾಳ್ಮೆ ಎಂದುಬಿಟ್ಟಿತ್ತಲ್ಲ. ಆದರೂ ಸೀಟು ಉಳಿಯಬೇಕಿತ್ತು. "ಆಡ್ತೀನಿ. ಆದ್ರೆ ನಾನು ತರಕಾರಿ ಆಟ ಆಡ್ತೀನಿ ಅಂತ ಇನ್ನೊಬ್ಬರಿಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ" ಎಂದು ಅವಳಿಂದ ಮಾತು ತೆಗೆದುಕೊಂಡ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಹಾಳು ಮಾನವೇ ಕಾರಣ.

ಫೋನಿನೊಳಗೆ ಅವನಿಗೆ ಕೆರೆಯ ಪಕ್ಕ ಎರಡೆಕರೆ ಸಿಕ್ಕಿತು. ಸುತ್ತ ಬೇಲಿ. ಬೇಲಿಯಾಚೆ ಬೇರೆ ಆಟಗಾರರ ತೋಟಗಳು, ಒಂದೊಂದಕ್ಕೂ ಒಂದು ಗೇಟು, ಗೇಟಿನ ಮೇಲೆ ಬಂದುಹೋದವರು ಏನಾದರೂ ಬರೆಯಲು ಹಲಗೆ. ಮಾಮ ಕುಂಬಳ ಬಿತ್ತಿದ. ಹೆಂಡತಿಗೆ ಬೆನ್ನು ತಿರುಗಿಸಿ ನೀರು ಹಾಕಿದ. ಸ್ನಾನದ ಮನೆಯಲ್ಲಿ ಚಿಲಕ ಹಾಕಿಕೊಂಡು ಕಳೆ ಕಿತ್ತ. ಬಳ್ಳಿ ಹಬ್ಬಿ, ಹೂವು ಬಿಟ್ಟು, ಹಳದಿ ಹಳದಿ ಕಾಯಿಗಳು ಉಬ್ಬಿ ಕೂತಾಗ ಅವನ ಮುಖದಲ್ಲಿ ಹೆಂಡತಿ ಮದುವೆಯ ನಂತರ ಕಂಡಿರದಂಥ ಒಂದು ನಗು ಬಂತು. ಅವಳಿಗೆ ಭಯವಾಯಿತು.

ಆ ನಗು ಹೆಚ್ಚು ಬಾಳಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಇಲ್ಲ. 'ಮುದ್ದು ಮೊಲ ಬಂದು ಹೋಗಿದೆ' ಎಂಬ ಚೀಟಿ ಮಾತ್ರ ಮಿನುಗುತ್ತಿತ್ತು. ಮುದ್ದು ಮೊಲ ಎಂದರೆ ಬೇಲಿಯಾಚೆಯ ತೋಟದವರು ಇಟ್ಟುಕೊಂಡ ಹೆಸರು. ಮಾಮ ನೇರ ಮೊಲದ ಗೇಟಿಗೆ ಹೋಗಿ, ಹಲಗೆಯಲ್ಲಿ ಜಾಗ ಮುಗಿಯುವವರೆಗೂ ಬರೆದ. ಮೊಲದ ಅಪ್ಪನನ್ನೂ ಬಿಡಲಿಲ್ಲ. ಮತ್ತೆ ಕಾಯಿ ಬಿಟ್ಟವು, ಮತ್ತೆ ಮಾಯವಾದವು, ಮತ್ತೆ ಬರೆದ.

ಕಾರಿನಲ್ಲಿ ಕೂತರೂ ಅವನಿಗೆ ಅದೇ ಧ್ಯಾನ. ಡಾಕ್ಟರಮ್ಮ ವೃತ್ತವನ್ನು ಸುತ್ತಿದರು, ಇನ್ನೊಮ್ಮೆ ಸುತ್ತಿದರು, ಕಿಟಕಿಯ ಹೊರಗೆ ನೋಡುತ್ತಿದ್ದ ಮಾಮ ತುಟಿ ಬಿಚ್ಚಲಿಲ್ಲ. ಬೈಗುಳ ಬರಲಿಲ್ಲವೆಂದು ಅವರಿಗೆ ಧೈರ್ಯ ಬಂದು, ಎರಡು ಸುತ್ತಿನ ನಂತರ ತಾವೇ ಸರಿಯಾದ ರಸ್ತೆಗೆ ತಿರುಗಿಸಿದರು.

"ಸರ್, ಹಲ್ಲು ಕಡೀತಾ ಇದ್ದೀರಿ" ಎಂದರು ಮೆಲ್ಲಗೆ. "ಸವೆದು ಹೋಗುತ್ತೆ."

"ಸವೀಲಿ" ಎಂದ ಮಾಮ. "ನೀವು ಓಡಿಸಿ."

ಕಳ್ಳ ಹತ್ತಿರದವನೇ ಇರಬೇಕು ಎಂಬುದು ಮಾಮನ ಲೆಕ್ಕ. ತಾನು ಕೆಲಸಕ್ಕೆ ಹೋಗುವ ಹೊತ್ತು ಸರಿಯಾಗಿ ಗೊತ್ತಿದ್ದವರಿಗಲ್ಲದೆ ಇದು ಸಾಧ್ಯವಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹಿರಿಯರು ಅದನ್ನು ಮಾತಿಗೆ ಹೇಳಿದ್ದು. ಮಾಮ ಅದನ್ನು ತನಿಖೆಯ ವಿಧಾನ ಮಾಡಿಕೊಂಡ. ಬೆಳಗ್ಗೆ ತನ್ನ ವಠಾರದವರೆಲ್ಲ ಮೆಟ್ಟಿಲಿಳಿದು ಕೆಲಸಕ್ಕೆ ಹೊರಡುವ ಹೊತ್ತಿಗೆ ನಡುವೆ ನಿಂತು, "ಕುಂಬಳಕಾಯಿ ಕಳ್ಳ" ಎಂದು ಕಟ್ಟಡ ಅದುರುವಂತೆ ಕೂಗಿ, ಎಲ್ಲರ ಹೆಗಲು ನೋಡಿದ.

ಕೆಳಗಿನ ಮನೆಯಲ್ಲಿ ಒಬ್ಬ ಟೈಲರ್ ಇದ್ದ. ಅಳತೆಯ ಟೇಪು ಹೆಗಲ ಮೇಲಿಲ್ಲದೆ ಅವನು ಊಟವನ್ನೂ ಮಾಡುವುದಿಲ್ಲ. ಕೂಗಿಗೆ ಬೆಚ್ಚಿದವನು, ಟೇಪು ಬಿದ್ದೀತೆಂದು ಹೆಗಲು ಮುಟ್ಟಿಕೊಂಡ.

"ಸಿಕ್ಕಿಬಿದ್ದೆ" ಎಂದು ಮಾಮ ಅವನ ಕೊರಳಪಟ್ಟಿ ಹಿಡಿದ. "ಎಲ್ಲಿಟ್ಟಿದ್ದೀಯಾ ನನ್ನ ಕುಂಬಳಕಾಯಿ?"

"ಯಾವ ಕುಂಬಳಕಾಯಿ ಮಾಮ? ಬಿಡಿ, ಕಾಲರ್ ಹೊಸದು."

"ನನ್ನ ತೋಟದ್ದು. ಕೆರೆ ಪಕ್ಕ, ಎರಡೆಕರೆ. ಬೆವರು ಸುರಿಸಿ ಬೆಳೆದದ್ದು."

ಆಟ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೆಟ್ಟಿಲ ತುಂಬ ಜನ ನೋಡುತ್ತಿದ್ದರು. ಮಾಮ ಅದನ್ನು ನುಂಗಿಕೊಂಡ.

ಎತ್ತು ಈಯ್ತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ, ಮತ್ತು ಅವರೆಲ್ಲ ಒಂದಲ್ಲ ಒಂದು ದಿನ ಟೈಲರ್ ಅಂಗಡಿಗೆ ಬರುತ್ತಾರೆ. ಅಳತೆ ಕೊಡಲು ಬಂದವರಿಗೆಲ್ಲ ಟೈಲರ್ ಸಂಕಟ ತೋಡಿಕೊಂಡ. ಸಂಜೆಯೊಳಗೆ ಎರಡೆಕರೆ ಐದೆಕರೆಯಾಗಿ, ಅದರಲ್ಲೊಂದು ಬಾವಿ ತೋಡಿ, ಪಕ್ಕದಲ್ಲಿ ತಂಗಲು ಮನೆಯೂ ಎದ್ದಿತ್ತು. ಮಾಮನ ಅಣ್ಣನ ಕಿವಿಗೆ ಬೀಳುವಾಗ ಆ ಮನೆಗೆ ಸುಣ್ಣವನ್ನೂ ಬಳಿದಾಗಿತ್ತು.

ಅಣ್ಣ ಅತ್ತಿಗೆಯನ್ನು ಕರೆದುಕೊಂಡೇ ಬಂದ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಲೋ, ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು. ಕದ್ದುಮುಚ್ಚಿ ಜಮೀನು ಮಾಡಿಕೊಂಡಿದ್ದೀಯಲ್ಲ, ನಾನೇನು ಕಿತ್ಕೊಂಡು ತಿಂತಿದ್ನಾ?"

"ಅದು ನನ್ನದು ಅಣ್ಣ. ನಿನಗೆ ಸಂಬಂಧ ಇಲ್ಲ."

"ನೋಡ್ದೇನೇ, ಸಂಬಂಧ ಇಲ್ವಂತೆ" ಎಂದು ಅಣ್ಣ ಅತ್ತಿಗೆಯ ಕಡೆ ತಿರುಗಿದ. ಅತ್ತಿಗೆ ಆಗಲೇ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದಳು. "ಮನೆ ದೊಡ್ಡದು ಮಾಡಿಸೋದಾದ್ರೆ ಕೆರೆ ಕಡೆಗೆ ಎರಡು ಕೋಣೆ ತೆಗೆಸಿ ಮೈದುನ. ನಮಗೆ ಮಹಡಿ ಮೇಲಿಂದೇ ಸಾಕು" ಎಂದಳು.

ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಈಗ ಬಾಯಿ ತೆರೆದಳು. ಅವಳ ದನಿ ಏರಿರಲಿಲ್ಲ, ಅದೇ ಹೆಚ್ಚು ಅಪಾಯ.

"ತೋಟ ಮಾಡಿದ್ದು ಹೇಳಲಿಲ್ಲ, ಹೋಗಲಿ. ಅಷ್ಟೊಂದು ಬೆಳೀತೀರಂತೆ. ಒಂದು ಕುಂಬಳಕಾಯಾದ್ರೂ ಈ ಮನೆಗೆ ಬಂತಾ? ಯಾರ ಮನೆಗೆ ಹೋಗ್ತಿವೆ ಅವು?"

"ಅದನ್ನೇ ನಾನೂ ಊರೆಲ್ಲ ಕೇಳ್ತಾ ಇದ್ದೀನಿ" ಎಂದ ಮಾಮ.

"ಬಚ್ಚಲಲ್ಲಿ ಚಿಲಕ ಹಾಕ್ಕೊಂಡು, ಫೋನ್ ನೋಡ್ಕೊಂಡು ನಗ್ತಿದ್ರಲ್ಲ, ಯಾರವಳು?"

"ಯಾವಳೂ ಅಲ್ಲ, ಮೊಲ" ಎಂದುಬಿಟ್ಟ ಮಾಮ. ಅತ್ತಿಗೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಸರಿಯಾಗಿ ಆಗಲೇ ಬಾಗಿಲು ತಟ್ಟಿದ ಸದ್ದಾಯಿತು. ಠಾಣೆಯ ದಫೇದಾರರು ಬಂದಿದ್ದರು, ಅವರ ಹಿಂದೆ ಹರಿದ ಕಾಲರನ್ನು ಸಾಕ್ಷಿಗೆಂದು ಕೈಯಲ್ಲಿ ಹಿಡಿದ ಟೈಲರ್. ದಫೇದಾರರು ಕುರ್ಚಿ ಎಳೆದುಕೊಂಡು ಕೂತು, ನೀರು ಕೇಳಿ ಕುಡಿದು, ನಿಧಾನವಾಗಿ ಹೇಳಿದರು:

"ನೋಡಿ, ಇವರು ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ. ನಿಮ್ಮ ಮಾಲು ನಿಜವಾಗ್ಲೂ ಕಳುವಾಗಿದ್ರೆ ನೀವೂ ಕೊಡಿ. ಮೊದಲು ಜಾಗ ನೋಡಬೇಕು. ನಡೀರಿ, ಎಲ್ಲಿದೆ ತೋಟ?"

"ನಾವೂ ಬರ್ತೀವಿ" ಎಂದು ಅಣ್ಣ ಎದ್ದ. ಅತ್ತಿಗೆ ಸೆರಗು ಸರಿಮಾಡಿಕೊಂಡಳು. ಹೆಂಡತಿ ಚಪ್ಪಲಿಯನ್ನೇ ಮೆಟ್ಟಿಬಿಟ್ಟಳು.

ಮಾಮ ಎಲ್ಲರ ಮುಖ ನೋಡಿದ. ಮಾನದ ಗಂಟು ಇನ್ನೆಲ್ಲೂ ಅಡಗಿಸಲು ಜಾಗವಿರಲಿಲ್ಲ. ಜೇಬಿಗೆ ಕೈಹಾಕಿ ಫೋನು ತೆಗೆದು, ಎರಡೆಕರೆಯನ್ನೂ ಕೆರೆಯನ್ನೂ ದಫೇದಾರರ ಅಂಗೈಯಲ್ಲಿಟ್ಟ.

ಮೊದಲು ಸಿಡಿದವನು ಅಣ್ಣ. ಜಮೀನು ಇದೆ ಎಂದು ಸಿಟ್ಟಾಗಿ ಬಂದವನಿಗೆ ಈಗ ಇಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. "ನಿನ್ನ ಯೋಗ್ಯತೆಗೆ ನಿಜವಾದ್ದು ಎಲ್ಲಿಂದ ಬರಬೇಕು? ನಮ್ಮ ವಂಶದಲ್ಲಿ ಒಬ್ಬನಾದ್ರೂ ಮುಂದೆ ಬಂದ ಅಂತ ದಾರಿಯುದ್ದಕ್ಕೂ ಹೊಟ್ಟೆ ಉರ್ಕೊಂಡು ಬಂದ್ನಲ್ಲೋ" ಎಂದು ಅತ್ತಿಗೆಯನ್ನು ಎಳೆದುಕೊಂಡು ಮೆಟ್ಟಿಲಿಳಿದ. ಕೆರೆ ಕಡೆಯ ಎರಡು ಕೋಣೆ ಕಳೆದುಕೊಂಡ ಅತ್ತಿಗೆ ಯಾರಿಗೂ ಬರ್ತೀನಿ ಎಂದೂ ಹೇಳಲಿಲ್ಲ.

ದಫೇದಾರರು ಮಾತ್ರ ಫೋನಿನಿಂದ ಕಣ್ಣು ತೆಗೆದಿರಲಿಲ್ಲ. "ನೀರು ಜಾಸ್ತಿ ಹಾಕ್ತಿದ್ದೀರಿ" ಎಂದರು ಗಂಭೀರವಾಗಿ. "ನಾನೂ ಬದನೆ ಹಾಕಿದ್ದೀನಿ, ಇರಲಿ. ಕಣಜ ತೆಗೆದು ನೋಡಿದ್ರಾ?"

"ಯಾವ ಕಣಜ?"

"ಈ ಮೂಲೆ ಗುಡಿಸಲು."

"ಅದು ಕಕ್ಕಸಲ್ವಾ?"

ದಫೇದಾರರು ಗುಡಿಸಲನ್ನು ಒತ್ತಿದರು. ಬಾಗಿಲು ತೆರೆಯಿತು. ಒಳಗೆ ನೆಲದಿಂದ ಸೂರಿನವರೆಗೆ ಕುಂಬಳಕಾಯಿ, ಒಂದರ ಮೇಲೊಂದು, ಒಂದೂ ಕೆಡದೆ ಕೂತಿದ್ದವು. ಈ ಆಟದಲ್ಲಿ ಹಣ್ಣಾದ ಕಾಯಿ ಹಗಲು ಕೀಳದಿದ್ದರೆ ಸಂಜೆಗೆ ಕೊಳೆಯುತ್ತದೆ, ಒಳ್ಳೆಯ ನೆರೆಯವರು ಕಿತ್ತು ನಮ್ಮ ಕಣಜಕ್ಕೇ ಹಾಕಿ ಹೋಗುತ್ತಾರೆ, ಬೇಕಿದ್ದರೆ ತಮ್ಮ ಕಣಜಕ್ಕೂ ಸಾಗಿಸಬಹುದು, ಈ ಮೊಲ ಹಾಗೆ ಮಾಡಿಲ್ಲ ಎಂದು ದಫೇದಾರರು ವಿವರಿಸಿದರು. ಮಾಮ ಇಂಗು ತಿಂದ ಮಂಗನಂತೆ ನಿಂತಿದ್ದ.

"ಕ್ಷಮೆ ಕೇಳಿ ಇವರನ್ನ" ಎಂದರು ದಫೇದಾರರು.

"ತಪ್ಪಾಯ್ತು" ಎಂದು ಮಾಮ ಟೈಲರಿಗೆ ಹೇಳಿದ. ಟೈಲರ್ ತನ್ನ ಕಾಲರನ್ನೇ ತಿರುಗಿಸಿ ನೋಡುತ್ತಿದ್ದ. "ತಪ್ಪಾಯ್ತು ಅಂತಿದ್ದೀನಲ್ಲ, ಕಿವಿ ಕೇಳಿಸಲ್ವಾ?" ಎಂದು ಗದರಿಸಿದ. ಮಾಮ ಕಾಲರ್ ಹೊಲಿಸಿಕೊಡಲು ಒಪ್ಪಿದ ಮೇಲೆ, ಅದನ್ನು ಹೊಲಿಯಬೇಕಾದವನೂ ತಾನೇ ಎಂದು ಟೈಲರಿಗೆ ಹೊಳೆಯುವ ಮೊದಲೇ, ಅವನೂ ದಫೇದಾರರೂ ಹೊರಟುಹೋದರು. ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವಳಿಗೆ ಸಮಾಧಾನವಾಗಿತ್ತೋ ನಿರಾಸೆಯಾಗಿತ್ತೋ, ಮಾಮನಿಗೆ ಕೇಳುವ ಧೈರ್ಯವಾಗಲಿಲ್ಲ.

ಮಾರನೆಯ ಬೆಳಗ್ಗೆ ಕಾರಿನಲ್ಲಿ ಕೂತವನಿಗೆ ಬೈಯಲು ಯಾವ ಕಳ್ಳನೂ ಉಳಿದಿರಲಿಲ್ಲ. ಹೊರಗೆ ಅಲೆಯುತ್ತಿದ್ದ ಸಿಟ್ಟು ತಿರುಗಿ ತನ್ನ ಹಳೇ ಮನೆಗೇ ಬಂತು. ಅದೇ ವೃತ್ತ ಬಂತು. ಇಷ್ಟು ದಿನದ ನೆಮ್ಮದಿಯಲ್ಲಿ ಡಾಕ್ಟರಮ್ಮ ಚೆನ್ನಾಗಿಯೇ ಓಡಿಸುತ್ತಿದ್ದರು, ಸ್ವಲ್ಪ ತಡವಾಗಿ ಇಂಡಿಕೇಟರ್ ಹಾಕಿದರು ಅಷ್ಟೇ.

"ಯಾರಿಗೆ ಹಾಕ್ತಿದ್ದೀರಿ ಅದನ್ನ ಈಗ? ಹಲ್ಲು ಕಿತ್ತಾದ ಮೇಲೆ ಸೂಜಿ ಚುಚ್ತೀರೇನ್ರೀ ನೀವು?" ಎಂದು ಮಾಮ ಗರ್ಜಿಸಿದ ರಭಸಕ್ಕೆ ಪಕ್ಕದ ಬಸ್ಸಿನ ಡ್ರೈವರೂ ಬ್ರೇಕ್ ಹಾಕಿದ.

ಡಾಕ್ಟರಮ್ಮ ಮತ್ತೆ ಇಳಿದು ನಡೆದರು. ಮಾಮ ಕಾರು ತಂದು ನಿಲ್ಲಿಸಿ ಆಫೀಸಿಗೆ ಬರುವಾಗ ಅವರು ಮಾಲೀಕಳ ಎದುರು ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಮ ಕಾರಿನ ಕೀಲಿಯನ್ನು ತಾನಾಗಿಯೇ ಮೇಜಿನ ಮೇಲಿಟ್ಟ.

"ಯಾವ ಫೋನ್ ಎತ್ತಬೇಕು, ತೋರಿಸಿ" ಎಂದ. ಮಾತು ಮೆತ್ತಗೆ ಬಂದಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಮಾಲೀಕಳು ಕೀಲಿ ಮುಟ್ಟಲಿಲ್ಲ. "ನಿನ್ನೆವರೆಗೂ ಚೆನ್ನಾಗಿದ್ರಲ್ಲ ಮಾಮ, ಇವತ್ತೇನಾಯ್ತು?"

ಮಾಮ ತೋಟದ ಕಥೆ, ಕಳ್ಳನ ಕಥೆ, ಕಣಜದ ಕಥೆ ಹೇಳಿದ. ಅವಳು ಕೇಳಿ, ನಿಟ್ಟುಸಿರು ಬಿಟ್ಟಳು.

"ಕಣಜ ತೆಗೆದುಬಿಟ್ರಾ? ಹಾಗಿದ್ರೆ ಹೇಳ್ತೀನಿ. ಆ ಮೊಲ ನಾನೇ. ಕಾಯಿ ಕೊಳೀತಾ ಇತ್ತು, ಪಾಪ ಅಂತ ಕಿತ್ತಿಟ್ಟೆ. ಆಮೇಲೆ ಗೇಟಲ್ಲಿ ನೀವು ಬರೆದದ್ದು ಓದಿದೆ. ನನ್ನ ಜನ್ಮದಲ್ಲಿ ಅಷ್ಟು ಬೈಸಿಕೊಂಡಿರಲಿಲ್ಲ. ಮಾರನೇ ದಿನವೇ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಇವರು ಬಂದು, ಮಾಮ ಇವತ್ತು ಒಂದು ಮಾತೂ ಆಡಲಿಲ್ಲ, ನಾನೇ ವೃತ್ತ ದಾಟಿದೆ ಅಂದ್ರು. ಬಾಯಿ ಮುಚ್ಕೊಂಡೆ."

"ನಿಮ್ಮಪ್ಪನಿಗೂ ಬೈದಿದ್ದೆನಲ್ಲ" ಎಂದ ಮಾಮ ಸಣ್ಣ ದನಿಯಲ್ಲಿ.

"ಅವರಿಗೂ ಓದಿ ಹೇಳಿದೆ. ಇದು ನಮ್ಮ ಮಾಮನೇ, ಅನುಮಾನ ಬೇಡ ಅಂದ್ರು."

ಅವಳು ಡಾಕ್ಟರಮ್ಮನ ಕಡೆ ನೋಡಿದಳು, ಆಮೇಲೆ ಕೀಲಿಯನ್ನು ಮಾಮನ ಕಡೆ ಸರಿಸಿದಳು. "ನಾಳೆ ಒಂದು ದಿನ ನೋಡೋಣ. ಇಬ್ಬರೂ ಬನ್ನಿ."

ಆ ಸಂಜೆ ಮಾಮ ಫೋನು ತೆರೆದರೆ ಬಳ್ಳಿ ಬರಿದು. ಕಣಜವನ್ನು ಒತ್ತಿದ. ಅದೂ ಬರಿದು. ಅಷ್ಟೂ ಕುಂಬಳಕಾಯಿ ಬೇಲಿ ದಾಟಿದ್ದವು. ಅವನ ಗೇಟಿನ ಹಲಗೆಯ ಮೇಲೆ ಮೊಲ ಬರೆದಿತ್ತು: 'ಈ ಸಲ ನಿಜವಾಗಿ ಕದ್ದಿದ್ದೀನಿ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.'

ಬೆಳಗ್ಗೆ ಮಾಮ ಕೆಂಗಣ್ಣಿನಿಂದ ಆಫೀಸಿಗೆ ನುಗ್ಗಿದ. ಮಾಲೀಕಳು ತಲೆ ಎತ್ತದೆಯೇ, "ನಾಳೇನೂ ಕದೀತೀನಿ" ಎಂದಳು. ಸಂಬಳ ಕೊಡುವವಳ ಮುಖಕ್ಕೆ ಬೈಯುವುದು ಹೇಗೆ? ಮಾಮ ಬಂದಷ್ಟೇ ರಭಸದಲ್ಲಿ ಹೊರಗೆ ಹೋಗಿ ಕಾರಿನಲ್ಲಿ ಕೂತ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ಕೊತ್ತಿ ಬದುಕಬೇಕಾದರೆ ಅತ್ತೆಯೇ ಮುಂದೆ ಬಂದು ಮೈಯೊಡ್ಡಬೇಕು, ಅಂಥ ಅತ್ತೆಯರು ಅಪರೂಪ. ಡಾಕ್ಟರಮ್ಮ ಅವಸರದಲ್ಲಿ ಕ್ಲಚ್ ಬಿಟ್ಟರು, ಕಾರು ಎಗರಿ ನಿಂತುಹೋಯಿತು.

"ಇನ್ನೊಂದ್ಸಲ ಬಿಡಿ" ಎಂದ ಮಾಮ ಕಿಟಕಿಯ ಹೊರಗೆ ನೋಡುತ್ತಾ. "ನಿಧಾನವಾಗಿ."

ಮನೆಗೆ ಬಂದವನು ಹೆಂಡತಿಯ ಎದುರಿಗೇ ಕೂತು ಫೋನು ತೆಗೆದ. ಮೊದಲು ಮೊಲದ ಗೇಟಿಗೆ ಹೋಗಿ ಹಲಗೆ ತುಂಬಿಸಿ ಬಂದ. ಆಮೇಲೆ ಬೀಜದ ಚೀಲ ಬಿಚ್ಚಿದ. ತೋಟದ ನಡುವೆ ಬೇಕಾದಷ್ಟು ಜಾಗವಿತ್ತು. ಅವನು ಮಾತ್ರ ಬೇಲಿಗೆ ಒತ್ತಿ, ಆಚೆಯಿಂದ ಕೈ ಚಾಚಿದರೆ ಸಿಗುವ ಹಾಗೆ, ಉದ್ದಕ್ಕೂ ಒಂದು ಹೊಸ ಸಾಲು ಬಿತ್ತಿದ.

"ಅಲ್ಯಾಕ್ರೀ ಹಾಕ್ತೀರಿ, ಕದ್ಕೊಂಡು ಹೋಗ್ತಾರೆ" ಎಂದಳು ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ.

"ಕದೀಲಿ, ಕಳ್ಳಿ" ಎಂದ ಮಾಮ. ಹಲ್ಲು ಕಡಿಯುತ್ತಲೇ ಆ ಸಾಲಿಗೆ ನೀರು ಹಾಕಿದ.